ಸರ್ಟನ್ಲಿ ಅಂದರೆ ತುಂಬಿದ ಸೇರು

"ಖಂಡಿತ ಬರ್ತೀನಿ" ಎಂದು ಹೇಳಿ ಹೋದವರಿಗಾಗಿ ನಾನು ಎಂದೂ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿದವಳಲ್ಲ. "ನೋಡ್ತೀನಿ, ಆದ್ರೆ ಬರ್ತೀನಿ" ಎಂದವರಿಗೆ ಹಾಕಿದ್ದೇನೆ, ಅವರು ಬಂದು ಉಂಡೂ ಹೋಗಿದ್ದಾರೆ. ಮನೆಯವರು ಇದನ್ನು ನನ್ನ ಕೊಂಕುಬುದ್ಧಿ ಎನ್ನುತ್ತಾರೆ. ಕೊಂಕೇ ಇರಲಿ. ಆದರೆ ಅದು ಹುಟ್ಟುಗುಣವಲ್ಲ. ನನಗೆ ಹದಿನೇಳು ನಡೆಯುತ್ತಿದ್ದಾಗ ಒಂದು ಲಕೋಟೆಯೊಳಗಿಂದ ಬಂದು ಅಂಟಿಕೊಂಡದ್ದು.

ನಮ್ಮೂರು ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ, ಬಳ್ಳಾರಿ ರಸ್ತೆಯಿಂದ ಒಂದು ಮೈಲಿ ಒಳಗೆ ಇತ್ತು. ಐವತ್ತರ ದಶಕದಲ್ಲಿ ಅಲ್ಲಿ ಮೂವತ್ತೋ ಮೂವತ್ತೈದೋ ಮನೆ. ನಮ್ಮಪ್ಪನಿಗೆ ರಾಗಿ ಹೊಲ, ಬಾವಿಯ ಪಕ್ಕದಲ್ಲಿ ಒಂದು ದ್ರಾಕ್ಷಿ ಚಪ್ಪರ. ಅಪ್ಪ ಮಾತು ಕಡಿಮೆಯ ಮನುಷ್ಯ. ಯಾರ ಮುಖಕ್ಕೂ ಹೊಡೆದಂತೆ ಇಲ್ಲ ಎಂದವನಲ್ಲ. ಎತ್ತು ಕೇಳಲು ಬಂದವರಿಗೆ "ಆಗ್ಲಿ" ಎಂದರೆ ಕೊಟ್ಟರೂ ಕೊಟ್ಟಾನು ಎಂದರ್ಥ. "ನೋಡಾನ" ಎಂದರೆ ಕೊಡುವುದಿಲ್ಲ ಎಂದರ್ಥ. ಏನೂ ಹೇಳದೆ ಎದ್ದುಹೋಗಿ ಕೊಟ್ಟಿಗೆಯ ಅಗಣಿ ತೆಗೆದರೆ ಮಾತ್ರ ಎತ್ತು ಸಿಕ್ಕಿತು ಎಂದರ್ಥ. ಊರಿನವರೆಲ್ಲರಿಗೂ ಈ ಲೆಕ್ಕ ಗೊತ್ತಿತ್ತು. ಮಗಳಾದ ನನಗೂ ಗೊತ್ತಿತ್ತು ಎಂದುಕೊಂಡಿದ್ದೆ.

ನಾನು ಯಲಹಂಕದ ಹೈಸ್ಕೂಲಿಗೆ ಹೋಗುತ್ತಿದ್ದೆ. ರಸ್ತೆಯವರೆಗೆ ನಡಿಗೆ, ಆಮೇಲೆ ಬಸ್ಸು. ಬಸ್ಸು ಬಾರದಿದ್ದರೆ ಪೂರ್ತಿ ನಡಿಗೆ. ತರಗತಿಯಲ್ಲಿ ನಾವು ಮೂರೇ ಹುಡುಗಿಯರು, ಬಾಗಿಲ ಪಕ್ಕದ ಬೆಂಚು ನಮ್ಮದು. ಕನ್ನಡ ಪಂಡಿತರು ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಗಣಿತದ ಮೇಷ್ಟರು ನೋಡಿದರೆ ಬೈಯುವುದಕ್ಕೇ ನೋಡುತ್ತಿದ್ದರು. ಇಂಗ್ಲಿಷ್ ಮೇಷ್ಟರು ಒಬ್ಬರೇ ನಮ್ಮ ಬೆಂಚಿಗೂ ಪ್ರಶ್ನೆ ಹಾಕುತ್ತಿದ್ದವರು. ಕರಿ ಕೋಟು, ಮಾಸಿದ ಜರಿಯ ರುಮಾಲು, ಸೈಕಲ್ಲು. ಕೋಟಿನ ತೋಳು ಸೀಮೆಸುಣ್ಣದಿಂದ ಯಾವಾಗಲೂ ಬೆಳ್ಳಗೆ ಇರುತ್ತಿತ್ತು.

ಒಂದು ದಿನ ಪಾಠದಲ್ಲಿ ಪರ್‌ಹ್ಯಾಪ್ಸ್ ಎಂಬ ಮಾತು ಬಂತು. ಮೇಷ್ಟರು ಅರ್ಥ ಕೇಳಿದರು. ಮುಂದಿನ ಬೆಂಚಿನವನೊಬ್ಬ ಎದ್ದು ನಿಂತು "ಖಂಡಿತ ಸಾರ್" ಎಂದ. ಮೇಷ್ಟರು ನೆತ್ತಿಯ ಮೇಲೆ ಕೈ ಇಟ್ಟುಕೊಂಡರು. ಮಾರನೆಯ ದಿನ ಸೈಕಲ್ಲಿನ ಹ್ಯಾಂಡಲಿಗೆ ಒಂದು ಚೀಲ ನೇತುಹಾಕಿಕೊಂಡು ಬಂದರು. ಅದರೊಳಗಿನಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟದ್ದು ಏನು ಅಂತೀರಿ? ಮನೆಯ ಅಳತೆಗಳು. ಸೇರು, ಅರ್ಧ ಸೇರಿನ ಅಚ್ಚೇರು, ಕಾಲು ಸೇರಿನ ಪಾವು, ಪಾವಿಗಿಂತ ಸಣ್ಣದಾದ ಚಟಾಕು. ಅವರ ಹೆಂಡತಿ ಆ ದಿನ ಅಡುಗೆಗೆ ಅಕ್ಕಿಯನ್ನು ಹೇಗೆ ಅಳೆದರೋ ಕಾಣೆ.

"ನಾಳೆ ಇಂಗ್ಲಿಷ್‌ನ ಅಳೀತೀವಿ" ಎಂದರು. "ಯಾರ ಮನೇಲಿ ರಾಗಿ ಇದೆ?"

ಎಲ್ಲರ ಮನೆಯಲ್ಲೂ ಇತ್ತು. ತರುವುದಕ್ಕೆ ಒಪ್ಪಿದವಳು ನಾನೊಬ್ಬಳು. ಮರುದಿನ ಅವ್ವನಿಗೆ ಹೇಳದೆ ಒಂದು ಗಂಟು ರಾಗಿ ಕಟ್ಟಿಕೊಂಡು ಹೋದೆ.

ಮೇಷ್ಟರು ಸೇರಿಗೆ ರಾಗಿ ಸುರಿದು, ಅಂಗೈಯಿಂದ ಮಟ್ಟವಾಗಿ ಸವರಿ, ಎತ್ತಿ ತೋರಿಸಿದರು. "ಸರ್ಟನ್ಲಿ. ತುಂಬಿದ ಸೇರು. ಒಂದು ಕಾಳೂ ಕಡಿಮೆ ಇಲ್ಲ." ಆಮೇಲೆ ಅಚ್ಚೇರು. "ಪ್ರಾಬಬ್ಲಿ. ಬಂದ್ರೂ ಬರ್ತಾನೆ, ಇಲ್ಲದಿದ್ರೂ ಇಲ್ಲ, ಆದ್ರೆ ಬರೋ ಕಡೇನೇ ವಾಲಿದೆ." ಪಾವು ಎತ್ತಿ "ಪರ್‌ಹ್ಯಾಪ್ಸ್, ಮೇ" ಎಂದರು. ಚಟಾಕನ್ನು ಎರಡು ಬೆರಳಲ್ಲಿ ಹಿಡಿದು "ಪಾಸಿಬ್ಲಿ. ಮೈಟ್. ಇಷ್ಟು ರಾಗೀಲಿ ಗಂಜಿ ಕಾಯ್ಸೋಕಾಗುತ್ತಾ? ಆಗಲ್ಲ. ಆದ್ರೆ ರಾಗಿ ಇಲ್ಲ ಅನ್ನೋಕೂ ಆಗಲ್ಲ" ಎಂದರು. ತರಗತಿಗೆ ತರಗತಿಯೇ ನಕ್ಕಿತು. ಆ ದಿನ ಕಲಿತ ಅಳತೆಯನ್ನು ನಮ್ಮಲ್ಲಿ ಯಾರೂ ಮರೆತಿರಲಾರರು.

ಮಸ್ಟ್ ಎನ್ನುವುದರ ಹತ್ತಿರ ಬಂದಾಗ ಅವರೇ ತಡವರಿಸಿದರು. ಹಿ ಮಸ್ಟ್ ಕಮ್ ಎಂದರೆ ಅವನು ಬರಲೇಬೇಕು, ಅಪ್ಪಣೆ. ಹಿ ಮಸ್ಟ್ ಬಿ ಅಟ್ ಹೋಮ್ ಎಂದರೆ ಅವನು ಮನೆಯಲ್ಲಿರಬೇಕು, ಅದು ಬರೀ ಊಹೆ. ಒಂದೇ ಮಾತು, ಎರಡು ಅಳತೆ ಹೇಗೆ ಎಂದು ಹುಡುಗರು ತಕರಾರು ತೆಗೆದರು. ನಾನು ಎದ್ದು ನಿಂತೆ. "ಸಾರ್, ನಮ್ಮ 'ಬೇಕು' ಕೂಡ ಅಂಗೇ ಅಲ್ವಾ? ಅವ್ನು ಮನೇಗ್ ಬರ್ಬೇಕು ಅಂದ್ರೆ ಅಪ್ಪಣೆ. ಮನೇಲಿರ್ಬೇಕು ಅಂದ್ರೆ ಊಹೆ."

ಮೇಷ್ಟರು ಕೈಯಲ್ಲಿದ್ದ ಸೀಮೆಸುಣ್ಣ ಮೇಜಿನ ಮೇಲಿಟ್ಟರು. "ನನಗೇ ಹೊಳೆದಿರಲಿಲ್ಲ ಕಣಮ್ಮ" ಎಂದರು. ಒಬ್ಬ ಮೇಷ್ಟರು ತರಗತಿಯ ಮುಂದೆ ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಮನೆಗೆ ನಡೆದುಕೊಂಡೇ ಹೋದೆ. ಬಸ್ಸು ಪಕ್ಕದಲ್ಲೇ ಹಾದುಹೋದರೂ ಕೈ ಅಡ್ಡ ಹಾಕುವುದು ನೆನಪಾಗಲಿಲ್ಲ.

ನೋ ಡೌಟ್ ಬಗ್ಗೆ ಎಚ್ಚರಿಕೆ ಕೊಟ್ಟವರೂ ಅವರೇ. "ಯಾರಾದ್ರೂ ನೋ ಡೌಟ್ ಅಂದ್ರೆ ಹಿಗ್ಗಬೇಡಿ. ಅದರ ಬೆನ್ನಿಗೇ ಒಂದು ಬಟ್ ಬರ್ತಿರುತ್ತೆ. ಹುಡುಗಿ ಒಳ್ಳೆಯವಳೇ ಅಂತಾರಲ್ಲ, ಆ 'ಳೇ' ಕೇಳಿಸ್ತಿದ್ದ ಹಾಗೇ ಸಂಬಂಧ ಬೇಡ ಅಂತ ತಿಳ್ಕೋಬೇಕು."

ಕೊನೆಗೆ ಉಳಿದದ್ದು ಒಂದು ಮಾತು. ನಮ್ಮ ಪುಸ್ತಕದಲ್ಲಿ ಒಬ್ಬ ಮುದುಕಿ ದಾರಿಹೋಕನಿಗೆ ಶ್ಯೂರ್ಲಿ ಯು ವಿಲ್ ಹೆಲ್ಪ್ ಮಿ ಎನ್ನುತ್ತಾಳೆ. ಶ್ಯೂರ್ ಎಂದರೂ ಖಚಿತ ತಾನೆ? ಹಾಗಾದರೆ ಅದೂ ತುಂಬಿದ ಸೇರೇ ಆಗಬೇಕಲ್ಲ? ಆದರೆ ಆ ಮುದುಕಿಗೆ ಅವನು ಸಹಾಯ ಮಾಡುತ್ತಾನೋ ಇಲ್ಲವೋ ಗೊತ್ತೇ ಇಲ್ಲ. ನಾನು ಕೇಳಿದೆ, "ಸಾರ್, ಶ್ಯೂರ್ಲಿ ಎಷ್ಟು?"

ಮೇಷ್ಟರು ಸೇರನ್ನು ತುಂಬಿಸಿದರು. ಅದರ ಮೇಲೆ ಇನ್ನೂ ಸುರಿದರು, ಗೋಪುರವಾಯಿತು. ಇನ್ನಷ್ಟು ಸುರಿದರು, ರಾಗಿ ಮೇಜಿನಿಂದ ಉರುಳಿ ನೆಲಕ್ಕೆ ಚೆಲ್ಲಿತು. ಆಗ ಗಂಟೆ ಹೊಡೆಯಿತು. "ಇದಕ್ಕೆ ಅಳತೆ ಕಷ್ಟ ಕಣಮ್ಮ. ಇನ್ನೊಂದಿನ ಹೇಳ್ತೀನಿ" ಎಂದು ಚೀಲ ಎತ್ತಿಕೊಂಡು ಹೋದರು. ನಾನು ಕೂತು ರಾಗಿ ಬಳಿದುಕೊಂಡೆ. ಇನ್ನೊಂದು ದಿನ ಅವರು ಹೇಳಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಪಾಸಾದೆ. ನಮ್ಮೂರಿನಲ್ಲಿ ಅಷ್ಟು ಓದಿದ ಮೊದಲ ಹುಡುಗಿ ನಾನು. ನಾನು ಆಸೆಪಟ್ಟದ್ದು ಒಂದೇ ಒಂದು. ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ ಟೀಚರ್ ಟ್ರೇನಿಂಗ್ ಕೊಡುವ ಸಂಸ್ಥೆಯೊಂದಿತ್ತು, ಹಾಸ್ಟೆಲ್ಲೂ ಇತ್ತು. ಅಲ್ಲಿ ಸೀಟು ಸಿಕ್ಕಿದರೆ ಎರಡು ವರ್ಷದ ಮೇಲೆ ಯಾವುದೋ ಸ್ಕೂಲಿನ ಬಾಗಿಲ ಪಕ್ಕದ ಬೆಂಚಿಗೆ ನಾನೂ ಪ್ರಶ್ನೆ ಹಾಕಬಹುದಿತ್ತು. ಸಿಕ್ಕದಿದ್ದರೆ ಮದುವೆ. ಯಶವಂತಪುರದ ಒಂದು ಮನೆಯಿಂದ ಆಗಲೇ ಎರಡು ಸಲ ಬಂದು ನೋಡಿಕೊಂಡು ಹೋಗಿದ್ದರು.

ಅಪ್ಪನನ್ನು ಕೇಳಿದೆ. ದ್ರಾಕ್ಷಿ ಬಳ್ಳಿಯನ್ನು ಚಪ್ಪರಕ್ಕೆ ಕಟ್ಟುತ್ತಿದ್ದ. "ಆಗ್ಲಿ" ಎಂದ. ನೋಡಾನ ಎನ್ನಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಅರ್ಜಿಯ ಜೊತೆಗೆ ಓದಿಸಿದ ಮೇಷ್ಟರೊಬ್ಬರ ಶಿಫಾರಸು ಪತ್ರ ಬೇಕಾಗಿತ್ತು, ಮುಚ್ಚಿದ ಲಕೋಟೆಯಲ್ಲಿ. ನಾನು ಯಾರ ಹತ್ತಿರ ಹೋಗುತ್ತೇನೆ? ಇಂಗ್ಲಿಷ್ ಮೇಷ್ಟರನ್ನು ಸ್ಕೂಲಿನ ಜಗಲಿಯಲ್ಲೇ ನಿಲ್ಲಿಸಿ ಕೇಳಿದೆ.

"ಖಂಡಿತ ಬರ್ಕೊಡ್ತೀನಿ ಕಣಮ್ಮ. ನಿನಗಲ್ದೆ ಇನ್ಯಾರಿಗೆ ಕೊಡ್ತಾರೆ ಸೀಟು? ಸಿಕ್ಕೇ ಸಿಗುತ್ತೆ."

ಹತ್ತು ದಿನ ಬಿಟ್ಟು ಲಕೋಟೆ ಕೊಟ್ಟರು. ಅಂಟು ಹಾಕಿ, ಅಂಟಿನ ಮೇಲೆ ತಮ್ಮ ರುಜು ಎಳೆದಿದ್ದರು. ಕೊಡುವಾಗ ಸೈಕಲ್ಲಿನ ಬೆಲ್ಲನ್ನು ಸುಮ್ಮಸುಮ್ಮನೆ ತಿರುಗಿಸುತ್ತಿದ್ದರು. ನನಗೆ ಆಗ ಅದು ವಿಚಿತ್ರ ಅನಿಸಲೇ ಇಲ್ಲ. ಲಕೋಟೆಯನ್ನು ಅವ್ವನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಇಟ್ಟೆ. ದಿನಕ್ಕೆರಡು ಸಲ ತೆಗೆದು ನೋಡುತ್ತಿದ್ದೆ, ಬೆಳಕಿಗೆ ಮಾತ್ರ ಹಿಡಿಯಲಿಲ್ಲ. ಕದ್ದು ಓದುವುದು ಮೇಷ್ಟರಿಗೆ ಮಾಡುವ ಅವಮಾನ ಎಂದುಕೊಂಡಿದ್ದೆ. ಎಂಥ ಮಂಕುದಿಣ್ಣೆ ನಾನು!

ಸಂದರ್ಶನದ ದಿನ ಅವ್ವನ ರೇಷ್ಮೆ ಸೀರೆ ಉಟ್ಟು, ಅವ್ವನ ತಮ್ಮನ ಜೊತೆ ಹೋದೆ. ಅವನನ್ನು ಹೊರಗೇ ಕೂರಿಸಿದರು. ಒಳಗೆ ಸಂಸ್ಥೆಯ ಮುಖ್ಯಸ್ಥೆ ಒಬ್ಬರೇ ಇದ್ದರು. ನರೆತ ಕೂದಲು, ದಪ್ಪ ಕನ್ನಡಕ, ಬಿಳಿ ಸೀರೆ. ಎಲ್ಲವನ್ನೂ ಇಂಗ್ಲಿಷಿನಲ್ಲೇ ಕೇಳಿದರು. ಊರು, ಅಪ್ಪನ ಕಸುಬು, ಮೆಚ್ಚಿದ ಪಾಠ. ನಾನು ತಡೆಯದೆ ಉತ್ತರ ಕೊಟ್ಟೆ. ಅವರ ಮುಖ ಅರಳುತ್ತಿತ್ತು. ಆಮೇಲೆ ಲಕೋಟೆ ಒಡೆದು ಓದಿದರು. ಓದಿ, ಕನ್ನಡಕ ತೆಗೆದು, ಹಾಸ್ಟೆಲ್ಲಿನಲ್ಲಿ ಇರುವುದು ನಿನ್ನಿಂದ ಆಗುತ್ತದೆಯೇ ಎಂದು ಕೇಳಿದರು.

"ಸರ್ಟನ್ಲಿ, ಮೇಡಂ" ಎಂದೆ.

ಅವರು ಸ್ವಲ್ಪ ನಕ್ಕರು, ಕೆಟ್ಟ ನಗೆಯಲ್ಲ. ನಿನ್ನ ಮೇಷ್ಟರಿಗೆ ಅಷ್ಟು ಸರ್ಟನ್ ಇದ್ದ ಹಾಗೆ ಕಾಣುವುದಿಲ್ಲವಲ್ಲ ಎಂದು ಕಾಗದವನ್ನು ನನ್ನ ಕಡೆಗೆ ತಿರುಗಿಸಿದರು.

ಮೇಷ್ಟರ ದುಂಡು ಅಕ್ಷರ. ನನ್ನ ಕಾಂಪೊಸಿಷನ್ ಪುಸ್ತಕದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗುಡ್ ಎಂದು ಬರೆಯುತ್ತಿದ್ದ ಅದೇ ಅಕ್ಷರ. ಹುಡುಗಿ ನೋ ಡೌಟ್ ಬುದ್ಧಿವಂತಳು. ಬಟ್. ಹಾಸ್ಟೆಲ್ಲಿನ ಶ್ರಮ ಅವಳಿಗೆ ಪರ್‌ಹ್ಯಾಪ್ಸ್ ಹೆಚ್ಚಾದೀತು. ಮನೆಯಿಂದ ದೂರ ಇರಲು ಅವಳಿನ್ನೂ ಸಿದ್ಧಳಾಗಿಲ್ಲ ಎಂಬುದು ಪಾಸಿಬಲ್. ಮುಂದೆ ಯಾವುದಾದರೂ ವರ್ಷ ಅವಳನ್ನು ಪರಿಗಣಿಸುವುದು ಮೇ ಬಿ ಬೆಟರ್. ಪಾವು, ಚಟಾಕು, ಮತ್ತೆ ಪಾವು. ಪೂರ್ತಿ ಕಾಗದದಲ್ಲಿ ತುಂಬಿದ ಸೇರು ಒಂದೇ ಕಡೆ ಇತ್ತು. ಹುಡುಗಿ ಸರ್ಟನ್ಲಿ ಒಳ್ಳೆಯ ಮನೆತನದವಳು ಎಂದಿದ್ದರು.

ಬೇರೆ ಹುಡುಗಿಯಾಗಿದ್ದರೆ ಆ ಕಾಗದ ಓದಿ, ಮೇಷ್ಟರು ಒಳ್ಳೆಯದನ್ನೇ ಬರೆದಿದ್ದಾರೆ ಎಂದುಕೊಳ್ಳುತ್ತಿದ್ದಳೋ ಏನೋ. ಬೈಗುಳವಿಲ್ಲ, ಚಾಡಿಯಿಲ್ಲ. ಅಳೆಯುವುದನ್ನು ನನಗೆ ಅವರೇ ಕಲಿಸಿಬಿಟ್ಟಿದ್ದರು. ಮುಖ್ಯಸ್ಥೆ ಪರ್‌ಹ್ಯಾಪ್ಸ್ ನೆಕ್ಸ್ಟ್ ಇಯರ್ ಎಂದರು. ನಾನು ಥ್ಯಾಂಕ್ಯೂ ಮೇಡಂ ಎಂದು ಹೊರಗೆ ಬಂದೆ. ಅತ್ತದ್ದು ಮೇಖ್ರಿ ಸರ್ಕಲ್ ದಾಟಿದ ಮೇಲೆ, ಬಸ್ಸಿನ ಕಿಟಕಿಗೆ ಮುಖ ಮಾಡಿಕೊಂಡು.

ಮಾರನೆಯ ಬೆಳಗ್ಗೆ ಯಲಹಂಕಕ್ಕೆ ಹೋದೆ. ಮೇಷ್ಟರು ಹಳೇ ಪೇಟೆಯ ಒಂದು ವಠಾರದಲ್ಲಿದ್ದರು. ಜಗಲಿಯಲ್ಲಿ ಅವರ ಮಗಳು, ಹತ್ತು ವರ್ಷದ್ದಿರಬೇಕು, ಅಳಗುಳಿ ಮಣೆ ಆಡುತ್ತ ಕೂತಿತ್ತು. ಮೇಷ್ಟರು ಪೇಪರ್ ಓದುತ್ತಿದ್ದರು. ನನ್ನನ್ನು ಕಂಡವರೇ ಪೇಪರನ್ನು ಮಡಿಸಿ ಮಡಿಸಿ ಅಂಗೈಯಗಲ ಮಾಡಿದರು.

"ಸಾರ್, ಖಂಡಿತ ಅಂದಿದ್ರಿ" ಎಂದೆ.

ಮೇಷ್ಟರು ಆಗ ಹೇಳಿದ ಮಾತು ನನಗೆ ಈಗಲೂ ಅಕ್ಷರಕ್ಕೆ ಅಕ್ಷರ ನೆನಪಿದೆ. "ಖಂಡಿತ ಅಂತ ಕನ್ನಡದಲ್ಲಿ ಅಂದೆ ಕಣಮ್ಮ."

ನನಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಇಂಗ್ಲಿಷಿಗಾದರೆ ಸೇರು, ಪಾವು, ಚಟಾಕು. ಕನ್ನಡಕ್ಕೆ ಅಳತೆಯೇ ಇಲ್ಲವೇ? ನಾವು ಬೆಳಗ್ಗೆ ಎದ್ದರೆ ಆಡುವ ಮಾತಿಗೆ, ಅವ್ವ ನನ್ನನ್ನು ಬೈಯುವ, ಅಪ್ಪ ಎತ್ತನ್ನು ಕರೆಯುವ ಮಾತಿಗೆ, ಕಾಸಿನ ಕಿಮ್ಮತ್ತಿಲ್ಲವೇ? ಖಂಡಿತ ಎಂದರೆ ಸಂಸ್ಕೃತದಲ್ಲಿ ತುಂಡಾದದ್ದು, ಮುರಿದದ್ದು ಎಂದು ಎಷ್ಟೋ ವರ್ಷದ ಮೇಲೆ ಒಂದು ನಿಘಂಟಿನಲ್ಲಿ ಓದಿದೆ. ಓದಿ ಆಶ್ಚರ್ಯವಾಗಲಿಲ್ಲ.

ಅಷ್ಟರಲ್ಲಿ ಮೇಷ್ಟರ ಹೆಂಡತಿ ಒಳಗಿನಿಂದ ಬಂದರು. ಪಾಪ, ಆಕೆಗೆ ಏನೂ ತಿಳಿಯದು. "ಸದ್ಯ, ನೀನೇ ಬಂದ್ಯಲ್ಲ. ನಿಮ್ಮ ಬುಟ್ಟಿ ಇಲ್ಲೇ ಉಳ್ಕೊಂಡಿತ್ತು, ತಗೊಂಡ್ಹೋಗಮ್ಮ. ಹಣ್ಣು ಚೆನ್ನಾಗಿತ್ತು ಅಂತ ನಿಮ್ಮಪ್ಪನಿಗೆ ಹೇಳು" ಎಂದು ಒಂದು ಬಿದಿರು ಬುಟ್ಟಿಯನ್ನು ನನ್ನ ಕೈಗಿಟ್ಟರು.

ನಮ್ಮನೆ ಬುಟ್ಟಿ. ಕಂಠ ಮುರಿದಿದ್ದ ಕಡೆ ಅವ್ವ ತನ್ನ ಹಳೇ ಹಸಿರು ಸೀರೆಯ ಅಂಚು ಸುತ್ತಿ ಹೊಲಿದಿದ್ದಳು. ತಳದಲ್ಲಿ ಒಣಗಿದ ದ್ರಾಕ್ಷಿ ಎಲೆ ಇನ್ನೂ ಅಂಟಿಕೊಂಡಿತ್ತು. ನಾನು ಬುಟ್ಟಿಯನ್ನು ನೋಡಿದೆ, ಮೇಷ್ಟರನ್ನು ನೋಡಿದೆ.

"ನಿಮ್ಮಪ್ಪ ಬಂದಿದ್ರು" ಎಂದರು ಮೇಷ್ಟರು. "ಹಣ್ಣು ತರದೇ ಇದ್ದಿದ್ರೂ ನಾನು ಅದನ್ನೇ ಬರೀತಿದ್ದೆ, ಹಣ್ಣಿಗಾಗಿ ಬರೆದೆ ಅಂತ ತಿಳ್ಕೋಬೇಡ. ಹೆತ್ತ ತಂದೆ ಕಣಮ್ಮ. ಕೈ ಮುಗ್ದು ನಿಂತ್ಕೊಂಡ್ರು. ಕಾಗದಾನ ಸ್ವಲ್ಪ ತೆಳ್ಳಗೆ ಬರೀರಿ ಸಾಮಿ ಅಂದ್ರು. ನಾನೇನು ಮಾಡ್ಲಿ?"

ನಾನು ತಳದ ಎಲೆಯನ್ನು ಕಿತ್ತು ಜಗಲಿಯ ಮೇಲಿಟ್ಟೆ.

"ಆದ್ರೆ ಒಂದು ಮಾತು. ಆ ಕಾಗದದಲ್ಲಿ ನಾನು ಒಂದು ಸುಳ್ಳೂ ಬರೆದಿಲ್ಲ. ಬೇಕಾದ್ರೆ ಪದ ಪದ ತೆಗೆದು ನೋಡು."

ಅದೂ ನಿಜವೇ. ಅಷ್ಟು ಹುಷಾರಾಗಿ ಬರೆದಿದ್ದರು. ಬರೀ ಸುಳ್ಳು ಬರೆದಿದ್ದರೆ ಜಗಳವಾಡಬಹುದಿತ್ತು. ನಾನು ಬುಟ್ಟಿ ಹಿಡಿದುಕೊಂಡು ಆ ವಠಾರದಿಂದ ನಮ್ಮೂರಿನವರೆಗೂ ನಡೆದೆ. ದಾರಿಯಲ್ಲಿ ಸಿಕ್ಕಿದ ಒಬ್ಬಾಕೆ ಖಾಲಿ ಬುಟ್ಟಿ ನೋಡಿ "ಏನವ್ವ, ಅಣ್ಣೆಲ್ಲಾ ಮಾರ್ಬಿಟ್ಟಾ?" ಎಂದು ಕೇಳಿದಳು. ಹೂಂ ಎಂದೆ.

ಅಪ್ಪ ಚಪ್ಪರದ ಕೆಳಗೇ ಇದ್ದ. ನಾನು ಬುಟ್ಟಿಯನ್ನು ಅವನ ಮುಂದೆ ಇಟ್ಟು ನಿಂತೆ. ಅವನು ಅದನ್ನು ನೋಡಿದ. ಬಳ್ಳಿ ಕಟ್ಟುವ ನಾರು ಕೈಯಲ್ಲೇ ಉಳಿಯಿತು. ಊರಿನಲ್ಲಿ ಯಾರಿಗೂ ಹೆದರದ ಮನುಷ್ಯ ಹದಿನೇಳು ವರ್ಷದ ಮಗಳ ಮುಂದೆ ಕಣ್ಣೆತ್ತಲಿಲ್ಲ.

"ಬ್ಯಾಡ ಅನ್ಬೌದಾಗಿತ್ತಲ್ಲಪ್ಪ" ಎಂದೆ. "ಒಂದ್ ಮಾತು. ಬ್ಯಾಡ ಅಂದಿದ್ರೆ ನಾನ್ ಓಗ್ತಿರ್ನಿಲ್ಲ."

"ಎಂಗ್ ಅನ್ನಾದವ್ವ?" ಎಂದ ಅಪ್ಪ. "ಆ ಸೀಟು ಅಂದಾಗ ನಿನ್ ಮಕ ಎಂಗಾಯ್ತಿತ್ತು ಗೊತ್ತಾ? ಅದನ್ನ ನೋಡ್ಕಂಡು ನನ್ ಬಾಯಾಗೆ ಬ್ಯಾಡ ಅನ್ನಾಕೆ ಬರ್ನಿಲ್ಲ. ಅದ್ಕೇ ಇಂಗ್ಲೀಸ್‌ನಾಗೆ ಅನ್ನಿಸ್ದೆ."

ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಅಪ್ಪನಿಗೆ ನನ್ನ ಮೇಲೆ ಪ್ರೀತಿ ಇತ್ತು, ಅದರಲ್ಲಿ ಅನುಮಾನವಿಲ್ಲ. ನೋ ಡೌಟ್. ಆದರೆ ಅವನಿಗೆ ಒಂದಕ್ಷರ ಬಾರದ ಭಾಷೆಯೊಳಗೆ, ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಭಾಷೆಯೊಳಗೆ, ನನ್ನ ಬೆನ್ನ ಹಿಂದೆ ಕೈ ಹಾಕಿದ. ಇಬ್ಬರು ಗಂಡಸರು ಸೇರಿ ನನಗೆ ಮೋಸ ಮಾಡಿದರು, ಇಬ್ಬರೂ ನನ್ನ ಒಳ್ಳೆಯದಕ್ಕೇ ಎಂದರು. ನಂಬಿಸಿ ಕುತ್ತಿಗೆ ಕೊಯ್ದಂತೆ ಎಂಬ ಮಾತು ಸುಮ್ಮನೆ ಹುಟ್ಟಿಲ್ಲ. ಅವ್ವನಿಗೂ ಇದು ಮೊದಲೇ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು. ಹಣ್ಣಿನ ಮೇಲೆ ಎಲೆ ಮುಚ್ಚಿಕೊಟ್ಟವಳು ಅವಳೇ.

ಮುಂದಿನ ವರ್ಷ ಎಂಬುದು ಬರಲಿಲ್ಲ. ಆ ಬೇಸಗೆಯಲ್ಲೇ ಯಶವಂತಪುರಕ್ಕೆ ಮದುವೆ ಮಾಡಿ ಕೊಟ್ಟರು. ಗಂಡನ ಮನೆಯವರದು ಸ್ಟೇಷನ್ನಿಗೆ ಹತ್ತಿರದಲ್ಲಿ ಹಿಟ್ಟಿನ ಗಿರಣಿ. ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟರು. ಸೊಸೆ ಬಲಗಾಲಿನಿಂದ ಅದನ್ನು ಒದ್ದು ಒಳಗೆ ಬರಬೇಕಲ್ಲ. ಮಟ್ಟವಾಗಿ ಸವರಿ ಇಟ್ಟಿದ್ದರು, ಒಂದು ಕಾಳೂ ಕಡಿಮೆ ಇರಲಿಲ್ಲ. "ಮೆತ್ತಗೆ ಕಣಮ್ಮ, ತುದಿಬೆರಳು ತಾಗಿಸಿದ್ರೆ ಸಾಕು" ಎಂದು ಯಾರೋ ಹಿಂದಿನಿಂದ ಹೇಳಿದರು. ನಾನು ಒದ್ದ ರಭಸಕ್ಕೆ ಸೇರು ಠಣಠಣ ಎಂದು ನಡುಮನೆಯ ಕಂಬದವರೆಗೆ ಉರುಳಿತು, ಅಕ್ಕಿ ದೇವರ ಗೂಡಿನ ತನಕ ಚೆಲ್ಲಿತು. "ಹುಡುಗಿ ಗಟ್ಟಿಗಿತ್ತಿ ಕಣ್ರಪ್ಪ" ಎಂದು ಎಲ್ಲರೂ ನಕ್ಕರು. ನನ್ನ ಗಂಡ ಮಾತ್ರ ನಗದೆ ನನ್ನ ಮುಖ ನೋಡಿದರು. ಅವರನ್ನು ದೂರುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಒಳ್ಳೆಯವರೇ. ಆ 'ರೇ' ಹಾಗೇ ಇರಲಿ, ಅದರ ಬೆನ್ನಿಗೆ ಬರುವ ಮಾತು ಅವರ ತಪ್ಪಲ್ಲ.

ಗಿರಣಿಯ ಮುಂಗಟ್ಟೆಯಲ್ಲಿ ಕೂತು ಬಂದವರ ಚೀಲ ಇಳಿಸಿಕೊಳ್ಳುವುದು ನನ್ನ ಕೆಲಸವಾಯಿತು. ಮೊದಮೊದಲು ಸೇರು, ಪಾವು. ಕೆಲವು ವರ್ಷಕ್ಕೆ ಸರ್ಕಾರದ ಹೊಸ ಅಳತೆ ಬಂದು ಕಿಲೋ, ಗ್ರಾಂ ಆಯಿತು. ಹಳೆಯ ಸೇರುಗಳನ್ನು ಅಟ್ಟಕ್ಕೆ ಹಾಕಿದೆವು. ಹೊಸ ಅಳತೆ ತಿಳಿಯದೆ ಜನ ಪೇಚಾಡಿದರು. ನನಗೆ ಒಂದು ಬಗೆಯಲ್ಲಿ ಹಾಯೆನಿಸಿತು, ಪಾವು ಕಂಡಾಗಲೆಲ್ಲ ಪರ್‌ಹ್ಯಾಪ್ಸ್ ನೆನಪಾಗುವುದು ತಪ್ಪಿತು.

ಅಪ್ಪ ಹಬ್ಬಕ್ಕೆ ಕರೆಯಲು ಬರುತ್ತಿದ್ದ. ಹೊಸ್ತಿಲಾಚೆ ನಿಂತು "ಬತ್ತೀಯೇನವ್ವ?" ಎಂದು ಕೇಳುತ್ತಿದ್ದ. ನಾನು "ನೋಡಾನ" ಎನ್ನುತ್ತಿದ್ದೆ. ಅವನಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ತಂದ ಹಣ್ಣನ್ನು ಕಟ್ಟೆಯ ಮೇಲಿಟ್ಟು, ನೀರು ಕುಡಿದು ಹೋಗುತ್ತಿದ್ದ. ಬೀದಿಯ ತಿರುವಿನವರೆಗೂ ಅವನ ಬೆನ್ನನ್ನೇ ನೋಡುತ್ತಿದ್ದೆ, ಆದರೂ ಕೂಗಿ ಕರೆಯಲಿಲ್ಲ. ನನ್ನದೂ ಕಲ್ಲೆದೆಯೇ.

ಅರವತ್ತರ ದಶಕದ ನಡುವೆ ಒಂದು ಮಧ್ಯಾಹ್ನ, ಗಿರಣಿಯ ಮುಂದೆ ರಾಗಿ ಚೀಲ ಹಿಡಿದು ಒಬ್ಬ ಮುದುಕರು ನಿಂತರು. ಕೋಟು ಇತ್ತು, ರುಮಾಲು ಇರಲಿಲ್ಲ. ಬೋಳುತಲೆ ಕಂಡು ಮೊದಲು ಗುರುತು ಹತ್ತಲಿಲ್ಲ. ತೋಳಿನ ಮೇಲೆ ಸೀಮೆಸುಣ್ಣವೂ ಇರಲಿಲ್ಲ. ಅವರೂ ನನ್ನನ್ನು ಗುರುತಿಸಿದ್ದು ನಾನು ಚೀಲ ತೆಗೆದುಕೊಂಡು "ಎಷ್ಟಿದೆ ಸಾರ್?" ಎಂದ ಮೇಲೆ. ಆ ಸಾರ್ ಎಂಬುದು ಬಾಯಿಂದ ತಾನಾಗಿ ಬಂದುಬಿಟ್ಟಿತ್ತು.

ನಿವೃತ್ತರಾದ ಮೇಲೆ ಮಗಳ ಮನೆಗೆ ಬಂದಿದ್ದೇನೆ ಎಂದರು. ಇಲ್ಲೇ, ಹಿಂದಿನ ಬೀದಿ.

"ಮಗಳು ಏನ್ ಮಾಡ್ತಾಳೆ ಸಾರ್?"

"ಟೀಚರ್ ಆಗಿದಾಳೆ" ಎಂದರು ಮೇಷ್ಟರು. ಹೇಳಿದ ಕೂಡಲೇ ಗಿರಣಿಯ ಬೆಲ್ಟಿನ ಕಡೆ ಮುಖ ತಿರುಗಿಸಿದರು. ಜಗಲಿಯಲ್ಲಿ ಅಳಗುಳಿ ಮಣೆ ಆಡುತ್ತಿದ್ದ ಆ ಮಗು. ಯಾವ ಸಂಸ್ಥೆ, ಶಿಫಾರಸು ಬರೆದವರು ಯಾರು ಎಂದು ನಾನು ಕೇಳಲಿಲ್ಲ. ಅವಳಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಅದು ಸುಳ್ಳು.

ರಾಗಿ ಬೀಸಿ ಮುಗಿಯಿತು. ಯಂತ್ರ ನಿಂತಿತು. ಇದ್ದಕ್ಕಿದ್ದಂತೆ ಎಷ್ಟು ನಿಶ್ಶಬ್ದವಾಯಿತೆಂದರೆ ಸ್ಟೇಷನ್ನಿನಲ್ಲಿ ಯಾರೋ ಕೂಗುವುದು ಕೇಳಿಸುತ್ತಿತ್ತು. ಮೇಷ್ಟರು ಹಿಟ್ಟಿನ ಚೀಲ ಎತ್ತಿಕೊಳ್ಳಲಿಲ್ಲ. ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಕೇಳಿದರು. ಕನ್ನಡದಲ್ಲಿ ಕೇಳಲು ಅವರಿಗೂ ಬಾಯಿ ಬರಲಿಲ್ಲವೋ ಏನೋ.

"ಶ್ಯೂರ್ಲಿ ಯು ಆರ್ ಹ್ಯಾಪಿ ಹಿಯರ್?"

ಅಷ್ಟು ವರ್ಷ ಬಾಕಿ ಉಳಿದಿದ್ದ ಪಾಠ ಆಗ ಮುಗಿಯಿತು. ಶ್ಯೂರ್ಲಿ ಎನ್ನುವವನಿಗೆ ಏನೂ ಖಚಿತವಿರುವುದಿಲ್ಲ. ಅವನು ಖಾಲಿ ಸೇರು ಹಿಡಿದುಕೊಂಡು ಬಂದು, ಇದು ತುಂಬಿದೆ ಎಂದು ನೀನಾದರೂ ಹೇಳಮ್ಮ ಎಂದು ಬೇಡುತ್ತಿರುತ್ತಾನೆ. ಪಾಠದಲ್ಲಿ ದಾರಿಹೋಕನ ಮುಂದೆ ಆ ಮುದುಕಿ ಬೇಡಿದ್ದೂ ಅದನ್ನೇ.

ಸರ್ಟನ್ಲಿ ಎಂದು ಒಂದು ಮಾತು ಹೇಳಿಬಿಟ್ಟಿದ್ದರೆ ಮುದುಕರು ಹಗುರಾಗಿ ಮನೆಗೆ ಹೋಗುತ್ತಿದ್ದರು. ನಾಲಿಗೆಯ ತುದಿಯವರೆಗೆ ಬಂದಿತ್ತು. ನಾನು ಹೇಳಿದ್ದು "ಪಾಸಿಬ್ಲಿ, ಸಾರ್" ಎಂದು.

ಅವರ ಬಲಗೈಯ ಎರಡು ಬೆರಳು ತಾವಾಗಿ ಮೇಲೆದ್ದವು, ಅಂದು ತರಗತಿಯಲ್ಲಿ ಆ ಪುಟ್ಟ ಅಳತೆಯನ್ನು ಹಿಡಿದಿದ್ದ ಹಾಗೆಯೇ.

"ಚಟಾಕೇನಮ್ಮ?" ಎಂದರು.

"ನಾನೂ ಒಂದು ಸುಳ್ಳೂ ಹೇಳಿಲ್ಲ ಸಾರ್" ಎಂದೆ.

ಮೇಷ್ಟರು ಹಿಟ್ಟಿನ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು ಹಿಂದಿನ ಬೀದಿಯ ಕಡೆ ನಡೆದರು. ಆಮೇಲೆ ಅವರ ಮನೆಯ ರಾಗಿ ಬೇರೆ ಗಿರಣಿಗೆ ಹೋಗುತ್ತಿತ್ತು.